ಕೌದಿ, ಬಿದ್ರಿ, ಲಂಬಾಣಿ ಹೊಲಿಗಿ: ಖರ್ಚಿಲ್ದೆ ಆನ್‌ಲೈನ್‌ನ್ಯಾಗ ಗಿರಾಕಿಗೆ ಮುಟ್ಟೋದು ಹ್ಯಾಂಗ?

ಕೌದಿಮನಿ_ಕಲಬುರಗಿ

ಎಲ್ಲರಿಗೂ ಶರಣು. ನಾನು ಕಲಬುರಗಿ ಬ್ರಹ್ಮಪುರದಾಕಿ. ನಾನು, ನಮ್ಮತ್ತಿ, ಓಣ್ಯಾಗಿನ ಇನ್ನೊಂದಿಷ್ಟು ಹೆಣ್ಮಕ್ಕಳು ಸೇರಿ ಕೌದಿ ಹೊಲಿತೀವಿ. ಹಳೆ ಸೀರಿ, ಧೋತರ ಪದರ ಪದರ ಹಾಸಿ ಕೈಲೇ ಹೊಲಿಯೋ ಕೌದಿ, ಮಷಿನ್ ಹಚ್ಚಂಗಿಲ್ಲ. ಈಗ ತೊಟ್ಟಿಲ ಕೌದಿ, ಸಣ್ಣ ಚೀಲ, ಮೇಜಿನ ಮ್ಯಾಲ ಹಾಸೋದೂ ಮಾಡ್ಲಕತ್ತೀವಿ. ಓಣ್ಯಾಗ, ಬೀಗರ ಮನ್ಯಾಗ ಎಲ್ಲರೂ ಛಲೋ ಅದ ಅಂತಾರ. ಆದ್ರ ಊರು ದಾಟಿ ಮಾರಾಟ ಆಗವಲ್ದು.

ಫೇಸ್‌ಬುಕ್‌ನ್ಯಾಗ ಫೋಟೋ ಹಾಕಿದ್ರ ರೊಕ್ಕ ಕೊಟ್ಟು ಬೂಸ್ಟ್ ಮಾಡ್ರಿ ಅಂತ ಮತ್ತ ಮತ್ತ ಕೇಳ್ತದ. ಜಾಹೀರಾತಿಗೆ ಕೊಡೋವಷ್ಟು ರೊಕ್ಕ ನಮ್ಮ ಹಂತ್ಯಾಕ ಇಲ್ಲ. ಬಂದ ಲಾಭ ಹೊಲಿಯೋರ ಕೂಲಿಗೇ ಹೋಗ್ತದ, ಹೋಗಬೇಕೂ ಸೈ. ಪುಕ್ಕಟೆ ದಾರಿ ಯಾವ್ಯಾವು ಅವ, ಅದ್ರಾಗ ಖರೇನ ಗಿರಾಕಿ ಬರೋವು ಯಾವು, ತಿಳದವ್ರು ಬಿಡಿಸಿ ಹೇಳ್ರಿ.

ಸೇಡಂ_ಮಾಸ್ತರ

ತಂಗಿ, ಇನ್‌ಸ್ಟಾಗ್ರಾಂ ಆಮ್ಯಾಲ. ಮೊದಲ ಗೂಗಲ್ ನಕ್ಷೆದಾಗ ನಿಮ್ಮ ಹೆಸರು ಬರ್ಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಅದ, ಒಂದು ಪೈಸಾ ಇಲ್ಲ. ಇನ್‌ಸ್ಟಾಗ್ರಾಂದಾಗ ನೋಡೋರು ಹೊತ್ತು ಕಳೀಲಿಕ್ಕೆ ಬಂದಿರ್ತಾರ. ಗೂಗಲ್‌ನ್ಯಾಗ "ಕೌದಿ ಎಲ್ಲಿ ಸಿಗ್ತದ" ಅಂತ ಹುಡುಕೋನು ಕೊಳ್ಳಾಕ ಬಂದಿರ್ತಾನ. ಈ ಫರಕು ಸಣ್ಣದಲ್ಲ.

ನೆನಪಿಡೋ ಮಾತು ಕೆಲವು ಅವ. ಬರೇ ಪಾರ್ಸೆಲ್‌ನ್ಯಾಗ ಮಾರೋರಿಗೆ ಗೂಗಲ್ ಇದನ್ನ ಕೊಡಂಗಿಲ್ಲ. ಗಿರಾಕಿ ನಿಮ್ಮಲ್ಲಿಗೆ ಬರಬೇಕು, ಇಲ್ಲಾ ನೀವು ಅವರ ಮನಿಗೆ ಹೋಗಿ ಕೊಡಬೇಕು. ಕಲಬುರಗಿ ಒಳಗ ನೀವೇ ಒಯ್ದು ಕೊಡ್ತೀರಿ ಅಂದ್ರ ಸಾಕು, ಮನಿ ವಿಳಾಸ ಮುಚ್ಚಿಟ್ಟು ಬರೇ ಊರ ಹೆಸರು ತೋರಿಸಬಹುದು. ಮನ್ಯಾಗ ಹೆಣ್ಮಕ್ಕಳೇ ಕೆಲಸ ಮಾಡ್ತಿದ್ರ ವಿಳಾಸ ಮುಚ್ಚಿಡೋದೇ ಛಲೋ. ಖಾತ್ರಿ ಮಾಡ್ಲಿಕ್ಕೆ ಈಗ ಬಹಳಷ್ಟು ಮಂದಿಗೆ ವಿಡಿಯೋ ಕೇಳ್ತಾರ: ಓಣಿ, ಕೆಲಸದ ಜಾಗ, ಸೂಜಿ-ದಾರ-ಬಟ್ಟಿ ಎಲ್ಲಾ ಒಂದೇ ವಿಡಿಯೋದಾಗ ನಡು ಕಟ್ ಮಾಡದೆ ತೋರಿಸಬೇಕು.

ಇನ್ನೊಂದು, ಇದು ನಮ್ಮ ಕಡಿಯವರಿಗಷ್ಟೇ ಇರೋ ತ್ರಾಸು. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕ. ಆದ್ರ ಹೊರಗಿನ ಮಂದಿ ಇನ್ನಾ ಗುಲ್ಬರ್ಗಾ ಅಂತಲೇ ಹುಡುಕ್ತಾರ. ವಿವರಣೆ ಬರೆಯೋ ಜಾಗದಾಗ ಎರಡೂ ಹೆಸರು ಬರೀರಿ, ಕನ್ನಡದಾಗೂ ಇಂಗ್ಲಿಷ್‌ದಾಗೂ. ಅಂಗಡಿ ಹೆಸರಿನ್ಯಾಗ ಮಾತ್ರ ತುರುಕಬ್ಯಾಡ್ರಿ, "ಕೌದಿಮನಿ ಬೆಸ್ಟ್ ಕೌದಿ ಗುಲ್ಬರ್ಗಾ" ಅಂತ ಬರದ್ರ ಗೂಗಲ್ ಪ್ರೊಫೈಲೇ ಬಂದ್ ಮಾಡಬಹುದು.

ಸುರಪುರ_ತಾಂಡಾ

ಮಾಸ್ತರ ಹೇಳಿದ್ದು ನೂರಕ್ಕೆ ನೂರು ಖರೆ. ನಮ್ಮದು ಇನ್ನೂ ಗೋಜಲು. ಸುರಪುರ ಅಂತೀವಿ ನಾವು, ಹಳೆ ಇಂಗ್ಲಿಷ್ ದಾಖಲೆದಾಗ ಶೋರಾಪುರ ಅಂತದ. ಯಾದಗಿರಿ ಬ್ಯಾರೆ ಜಿಲ್ಲಾ ಆಗಿದ್ದು 2009ರ ಕೊನೀಗೆ, ದೂರದವರು ಇನ್ನಾ ಗುಲ್ಬರ್ಗಾ ಜಿಲ್ಲಾ ಅಂತಲೇ ತಿಳ್ಕೊಂಡಾರ. ಎಲ್ಲಾ ಹೆಸರೂ ಬರ್ದು ಇಟ್ಟೀವಿ.

ಬೆಂಗಳೂರಿನ_ಕಲಬುರಗಿಯವಳು

ನಾನು ಕೊಳ್ಳುವವಳ ಕಡೆಯಿಂದ ಮಾತಾಡ್ತೀನಿ. ಅಕ್ಕಾ, ದಯವಿಟ್ಟು ಬೆಲೆ ಹಾಕಿ.

ಕೌದಿಗಾಗಿ ನಾನು ಎಷ್ಟೋ ಪೇಜ್ ನೋಡಿದ್ದೀನಿ. ಚೆಂದದ ಫೋಟೋ ಇರುತ್ತೆ, ಕೆಳಗೆ "ಬೆಲೆಗೆ ಇನ್‌ಬಾಕ್ಸ್ ಮಾಡಿ" ಅಂತ ಇರುತ್ತೆ. ಅಲ್ಲಿಗೆ ನಾನು ಮುಂದಕ್ಕೆ ಹೋಗಿಬಿಡ್ತೀನಿ. ಕೇಳಿದ ಮೇಲೆ ಬೇಡ ಅನ್ನೋಕೆ ಸಂಕೋಚ, ಅದಕ್ಕೇ ಕೇಳೋದೇ ಇಲ್ಲ. ನನ್ನ ಗೆಳತಿಯರೂ ಹಾಗೇ. ಬೆಲೆ, ಉದ್ದ-ಅಗಲ, ಎಷ್ಟು ಪದರ, ತೂಕ, ಒಗೆಯೋದು ಹೇಗೆ, ಕಳಿಸೋಕೆ ಎಷ್ಟು ದಿನ: ಇಷ್ಟು ಫೋಟೋ ಕೆಳಗೇ ಬರೆದಿದ್ದರೆ ರಾತ್ರಿ ಹನ್ನೊಂದಕ್ಕೆ ನೋಡಿದವಳು ಆಗಲೇ ತೀರ್ಮಾನ ಮಾಡ್ತಾಳೆ. ಬೆಳಿಗ್ಗೆವರೆಗೆ ಕಾಯಿಸಿದರೆ ಮನಸ್ಸು ಬದಲಾಗುತ್ತೆ.

"ಸಿಂಗಲ್ ಸೈಜ್" ಅಂತ ಮಾತ್ರ ಬರೆಯಬೇಡಿ. ಒಬ್ಬೊಬ್ಬರ ಸಿಂಗಲ್ ಒಂದೊಂದು ಥರ. ಅಡಿ ಲೆಕ್ಕದಲ್ಲಿ ಬರೀರಿ.

ಚೌಬಾರಾ_ಬೀದರ್

ನಾ ಇದನ್ನ ಒಪ್ಪಂಗಿಲ್ಲ ತಾಯಿ. ನಮ್ಮ ಬಿದ್ರಿ, ಅಂದ್ರ ಕಪ್ಪು ಲೋಹದಾಗ ಬೆಳ್ಳಿ ಕೂಡಿಸೋ ಕೆಲಸದಾಗ ಬೆಲಿ ಬರೆಯೋದು ಅಷ್ಟು ಸರಳ ಇಲ್ಲ. ಬೆಳ್ಳಿ ರೇಟು ದಿನಾ ಏರಿಳಿತದ. ಇವತ್ತು ಬರದ ಬೆಲಿಗೆ ಮುಂದಿನ ತಿಂಗಳು ಕೊಟ್ರ ಕೈಯಿಂದ ಹೋಗ್ತದ. ಮ್ಯಾಲಾಗಿ ನಮ್ಮ ಬೆಲಿ ನೋಡಿ, ಕಪ್ಪು ಬಣ್ಣ ಹೊಡದ ನಕಲಿ ಮಾಲು ತಂದವರು ಅದ್ರ ಅರ್ಧಕ್ಕ ಹಾಕ್ತಾರ. ನೋಡೋ ಗಿರಾಕಿಗೆ ಎರಡೂ ಕರಿ, ಎರಡರ ಮ್ಯಾಲೂ ಬಿಳಿ ಗೀರು. ಅವನು ಅಗ್ಗದ್ದೇ ಒಯ್ತಾನ.

ಬೆಂಗಳೂರಿನ_ಕಲಬುರಗಿಯವಳು

ಅಣ್ಣಾ, ಬೆಳ್ಳಿಯ ಮಾತು ಸರಿ. ಹಾಗಿದ್ರೆ "ಈ ತಿಂಗಳ ಬೆಲೆ" ಅಂತ ತಾರೀಖು ಸಮೇತ ಬರೆಯಬಹುದಲ್ವಾ? ಸಣ್ಣ ವಸ್ತುಗಳಿಗಾದ್ರೂ, ಕಿವಿಯೋಲೆ, ಕೀಲಿ ಗೊಂಚಲು ಇಂಥವಕ್ಕೆ?

ನಕಲಿಯ ವಿಷಯಕ್ಕೆ ಬೆಲೆ ಮುಚ್ಚಿಡೋದು ಉತ್ತರ ಅಲ್ಲ ಅಂತ ನನಗನ್ಸುತ್ತೆ. ನಿಮ್ಮದು ಯಾಕೆ ಅಷ್ಟು ಬೆಲೆ ಅನ್ನೋದು ನಮ್ಮಂಥವರಿಗೆ ಗೊತ್ತಿಲ್ಲ. ಅದನ್ನ ತೋರಿಸಿ. ನಾನು ಬೀದರ್ ಕೋಟೆ ನೋಡೋಕೆ ಬಂದಾಗ ಒಬ್ಬರ ಅಂಗಡಿಯಲ್ಲಿ ಕೂತು ಬಿದ್ರಿ ಮಾಡೋದನ್ನ ನೋಡಿದ್ದೆ. ಅದಕ್ಕೂ ಮುಂಚೆ ಆ ಕಪ್ಪು ಬರೀ ಬಣ್ಣ ಅಂತಲೇ ತಿಳಿದಿದ್ದೆ.

ಆಳಂದ_ಹುಡುಗ

ಚೌಬಾರಾ ಅಣ್ಣಾ, ಈ ಅಕ್ಕ ಹೇಳೋದ್ರಾಗೇ ನಿಮ್ಮ ಪ್ರಚಾರ ಅದ. ನಾನು ಗೆಳೆಯರಿಗೆ ರೀಲ್ಸ್ ಮಾಡಿಕೊಡ್ತೀನಿ, ಅದಕ್ಕ ಹೇಳ್ತೀನಿ. ನಿಮ್ಮ ಕೆಲಸದಾಗ ಒಂದು ಗಳಿಗಿ ಬರ್ತದಲ್ಲ, ಕಪ್ಪು ಮಾಡೋದು, ಅದನ್ನ ಯಾವ ನಕಲಿಯವನೂ ತೋರಿಸಲಾರ. ಅದನ್ನ ಇಲ್ಲೇ ಒಂದಿಷ್ಟು ಬರೀರಿ ನೋಡೋಣ.

ಚೌಬಾರಾ_ಬೀದರ್

ಬರೀತೀನಿ ತಮ್ಮಾ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ತೀವಿ. ಅರ ಹಾಕಿ ನುಣುಪು ಮಾಡಿ, ಮೈಲುತುತ್ತಿನ ನೀರು ಸವರ್ತೀವಿ, ತಾತ್ಪೂರ್ತಿಕ ಕಪ್ಪಾಗ್ತದ, ಅದ್ರ ಮ್ಯಾಲ ನಕ್ಷಿ ಗೀರು ಎದ್ದು ಕಾಣ್ತದ. ಉಳಿಯಿಂದ ಕೊರದು, ಕೊರದ ಸಂದಿನ್ಯಾಗ ಬೆಳ್ಳಿ ತಂತಿ ಇಟ್ಟು ಸುತ್ತಿಗಿಲಿಂದ ಕೂಡಿಸ್ತೀವಿ. ಅದು ತಾರ್‌ಕಶಿ. ತಗಡು ಕೂಡಿಸಿದ್ರ ತೆಹನಿಶಾನ್. ಮತ್ತ ಅರ ಹೊಡದಾಗ ಬೆಳ್ಳಿ ಯಾವ್ದು, ಸತು ಯಾವ್ದು ಹೇಳ್ಲಿಕ್ಕೇ ಬರಂಗಿಲ್ಲ, ಎಲ್ಲಾ ಒಂದೇ ಬೂದು ಬಣ್ಣ.

ಆಮ್ಯಾಲ ಬೀದರ್ ಕೋಟಿಯ ಹಳೆ ಭಾಗದ ಮಣ್ಣು. ಬಿಸಿಲು ಮಳಿ ಬೀಳದ ಜಾಗದ್ದು. ಅದನ್ನ ನವಸಾಗರ ಅನ್ನೋ ಲವಣದ ಜೋಡಿ ನೀರಿನ್ಯಾಗ ಕುದಿಸ್ತೀವಿ. ಕಾಸಿದ ಸಾಮಾನಿಗೆ ಅದನ್ನ ತಿಕ್ಕಿದ್ರ ಸತು ಭಾಗ ಅಷ್ಟೂ ಕಾಡಿಗಿ ಹಂಗ ಕಪ್ಪಾಗ್ತದ, ಬೆಳ್ಳಿ ಮಾತ್ರ ಹಂಗೇ ಉಳೀತದ. ತೊಳದು ಎಣ್ಣಿ ಹಚ್ಚಿದ್ರ ಮುಗೀತು. ಬಣ್ಣ ಎಲ್ಲೂ ಇಲ್ಲ.

ಆಳಂದ_ಹುಡುಗ

ಇದೇ ನೋಡ್ರಿ ಅಣ್ಣಾ! ಬೂದು ಸಾಮಾನು ಕೈಯಾಗ ಹಿಡಿದಿದ್ದು, ಮಣ್ಣು ತಿಕ್ಕಿದ್ದು, ನೀರು ಹಾಕಿದ ಕೂಡ್ಲೇ ಬೆಳ್ಳಿ ಎದ್ದು ಕಂಡಿದ್ದು. ಮೂರೇ ತುಣುಕು, ಅರ್ಧ ನಿಮಿಷದೊಳಗ. ಮೊಬೈಲ್ ಉದ್ದಕ್ಕ ಹಿಡೀರಿ, ಒಂದು ಡಬ್ಬಿಗೆ ಆನಿಸಿ ಇಟ್ರ ಕೈ ನಡಗಂಗಿಲ್ಲ. ಅದೇ ವಿಡಿಯೋ ಇನ್‌ಸ್ಟಾಗ್ರಾಂ ರೀಲ್ಸ್‌ಗೆ, ಯೂಟ್ಯೂಬ್ ಶಾರ್ಟ್ಸ್‌ಗೆ, ಫೇಸ್‌ಬುಕ್‌ಗೆ, ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ರಿ. ಒಂದೇ ಕೆಲಸ, ನಾಲ್ಕು ಕಡಿ. ಗೂಗಲ್ ಪ್ರೊಫೈಲ್‌ಗೂ ಏರಿಸಬಹುದು.

ಹಾಡು ಹಾಕಬ್ಯಾಡ್ರಿ. ಬಿಸಿನೆಸ್ ಖಾತೆಗೆ ಇನ್‌ಸ್ಟಾಗ್ರಾಂ ಸಿನಿಮಾ ಹಾಡು ಹೆಚ್ಚಾಗಿ ಕೊಡಂಗೂ ಇಲ್ಲ. ಸುತ್ತಿಗಿ ಸಪ್ಪಳ ಇರ್ಲಿ. ಮ್ಯಾಲೆ ನಿಮ್ಮದೇ ದನಿಯಾಗ ಎರಡು ಮಾತು ಸಾಕು.

ಬಿದ್ರಿ ಫೋಟೋಕ್ಕ ಒಂದು ತೊಡಕು ಅದ, ಹೊಳಪಿನ್ಯಾಗ ಫೋಟೋ ತಗಿಯೋರ ಮಾರಿನೂ ಕಾಣ್ತದ. ಫ್ಲ್ಯಾಶ್ ಬಂದ್ ಮಾಡಿ, ಕಿಡಕಿ ಹಂತ್ಯಾಕ ಇಟ್ಟು, ಎರಡೂ ಬಾಜೂಕ ಬಿಳಿ ಧೋತರ ಕಟ್ರಿ. ಬಿಳಿ ನೆರಳು ಬಿದ್ದು ಕಪ್ಪು ಒಂದೇ ಸಮ ಕಾಣ್ತದ.

ಕೌದಿಮನಿ_ಕಲಬುರಗಿ

ಓದಿ ಭಾಳ ಖುಷಿ ಆಯ್ತು. ತಮ್ಮಾ, ಕೌದಿ ಫೋಟೋಕ್ಕೂ ಹೇಳು. ಮಾಳಿಗಿ ಮ್ಯಾಲ ಹಾಸಿ ತಗದ್ರ ಬಣ್ಣ ಎಲ್ಲಾ ಬೆಳ್ಳಗ ಹೊಡೀತದ.

ಆಳಂದ_ಹುಡುಗ

ಅಕ್ಕಾ, ನಮ್ಮ ಕಲಬುರಗಿ ಬಿಸಿಲಿಗೆ ಬಣ್ಣ ಉಳದ್ರ ಹೆಚ್ಚು. ಮುಂಜಾನಿ ಹೊತ್ತೇರೋದ್ರಾಗ ತಗೀರಿ, ಇಲ್ಲಾ ಪಡಸಾಲಿ ನೆರಳಿನ್ಯಾಗ. ನೆಲದ ಮ್ಯಾಲ ಬ್ಯಾಡ, ಹೊರಸಿನ ಮ್ಯಾಲ ಹಾಸಿ ಒಂದು ಅಂಚು ಮಡಚಿ ಬಿಡ್ರಿ. ಮಡಚಿದಲ್ಲಿ ಹಿಂದಿನ ಹೊಲಿಗಿ ಕಾಣ್ತದ, ಪದರ ಎಷ್ಟು ದಪ್ಪ ಅದ ಅನ್ನೋದೂ ತಿಳೀತದ. ಮಷಿನ್ ಕೌದಿಗೂ ಕೈ ಕೌದಿಗೂ ಫರಕು ಗೊತ್ತಾಗೋದೇ ಹಿಂದಿನ ಬಾಜೂಕ. ಒಂದು ಪೂರ್ತಿ ಫೋಟೋ, ಒಂದು ಮೂಲಿದು, ಒಂದು ಹೊಲಿಗಿ ಹತ್ತಿರದಿಂದ, ಒಂದು ಅಜ್ಜಿಯ ಕೈ ಸೂಜಿ ಎಳೆಯೋದು. ನಾಲ್ಕು ಸಾಕು.

ಸುರಪುರ_ತಾಂಡಾ

ಕೈ ಫೋಟೋ ಬಂತು ಅಂತ ಒಂದು ಮಾತು. ನಾನು ಸಾಲಿ ಮಾಸ್ತರ, ನಮ್ಮ ಲಂಬಾಣಿ ತಾಂಡಾದ ಹೆಣ್ಮಕ್ಕಳ ಕನ್ನಡಿ-ಕವಡಿ ಹೊಲಿಗಿ ಮಾರ್ಲಿಕ್ಕೆ ಮೊಬೈಲ್ ಕೆಲಸ ನಾನೇ ನೋಡ್ತೀನಿ. ಹೊರಗಿಂದ ಬಂದವರು ಹಿರೇರ ಫೋಟೋ ತಗದು, ನಮ್ಮ ಲಂಬಾಣಿ ಉಡುಪು ಪೇಟಿಯಾ-ಘಾಗ್ರಾ ತೊಟ್ಟವರ ಮಾರಿ ತಗದು, ತಮ್ಮ ಪೇಜಿಗೆ ಹಾಕ್ಕೊಂಡು ಹೋಗ್ತಾರ. ಹೊಲಿದಾಕಿಗೆ ತನ್ನ ಮಾರಿ ಎಲ್ಲೆಲ್ಲಿ ಹೋಗ್ಯದ ಅನ್ನೋದೇ ಗೊತ್ತಿರಂಗಿಲ್ಲ. ಇದು ಆಗಬಾರ್ದು.

ನಾವು ಮೊದಲ ಕೇಳ್ತೀವಿ. ಮಾರಿ ಬ್ಯಾಡ ಅಂದ್ರ ಕೈ ಮಾತ್ರ. ಹೆಸರು ಹಾಕ್ರಿ ಅಂದ್ರ ಹೆಸರು ಹಾಕ್ತೀವಿ, "ಈ ಚೀಲ ಇಂಥಾಕಿ ಹೊಲಿದಿದ್ದು" ಅಂತ. ಹೆಸರು ಹಾಕಿದ ಪೋಸ್ಟನ್ನ ಆಕಿಯ ಮಕ್ಕಳು, ಅಳಿಯಂದ್ರು, ಪುಣೆ-ಮುಂಬೈಗೆ ದುಡೀಲಿಕ್ಕೆ ಹೋದವರು ಎಲ್ಲಾ ಹಂಚ್ತಾರ. ನಮಗ ಬಂದ ಆರ್ಡರ್‌ನ್ಯಾಗ ಬಹಳಷ್ಟು ಹಂಗೇ ಬಂದವು. ನಮ್ಮ ಭಾಗದಿಂದ ದುಡೀಲಿಕ್ಕೆ ಹೋದ ಮಂದಿ ಎಷ್ಟು ಅದಾರ ವಿಚಾರ ಮಾಡ್ರಿ. ಅವರ ಊರಿನ ವಾಟ್ಸಾಪ್ ಗುಂಪುಗಳೇ ನಮ್ಮ ಮೊದಲ ಪ್ಯಾಟಿ.

ಸೇಡಂ_ಮಾಸ್ತರ

ಮಾಸ್ತರ, ಛಲೋ ಮಾತು ಹೇಳಿದ್ರಿ. ವಾಟ್ಸಾಪ್ ಬಗ್ಗೆನೂ ಹೇಳಿಬಿಡ್ತೀನಿ, ಯಾಕಂದ್ರ ನನ್ನ ಲೆಕ್ಕದಾಗ ನಮ್ಮ ಕಡಿಯ ಸಣ್ಣ ಕಸುಬಿಗೆ ಇದಕ್ಕಿಂತ ದೊಡ್ಡ ಅಂಗಡಿ ಇಲ್ಲ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ. ಅದ್ರಾಗ ಕ್ಯಾಟಲಾಗ್ ಅದ, 500 ಸಾಮಾನಿನ ತನಕ ಫೋಟೋ, ಬೆಲಿ, ವಿವರ ಸೇರಿಸಬಹುದು. "ಎಷ್ಟು ರೇಟು" ಅಂತ ಕೇಳಿದವರಿಗೆ ಒಂದು ಕೊಂಡಿ ಕಳಿಸಿದ್ರ ಮುಗೀತು. ತಯಾರಿ ಉತ್ತರ ಬರ್ದಿಟ್ಟುಕೊಳ್ರಿ: ಒಗೆಯೋದು ಹ್ಯಾಂಗ, ಕಳಿಸೋಕೆ ಎಷ್ಟು ದಿನ, ರೊಕ್ಕ ಹ್ಯಾಂಗ ಹಾಕೋದು. "ಹೊಸ ಗಿರಾಕಿ", "ರೊಕ್ಕ ಬಂದದ", "ಪಾರ್ಸೆಲ್ ಹೋಗ್ಯದ" ಅಂತ ಲೇಬಲ್ ಹಚ್ಚಿದ್ರ ಯಾರದ್ದೂ ಮರೆಯಂಗಿಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿ, ಅಂದ್ರ ಒಂದೇ ಮೆಸೇಜ್ ಭಾಳ ಮಂದಿಗೆ ಬ್ಯಾರೆ ಬ್ಯಾರೆ ಮುಟ್ಟಿಸೋ ಪಟ್ಟಿ, ಮಾಡೋರಿಗೆ ಒಂದು ಗುಟ್ಟು. ಒಂದು ಪಟ್ಟಿಗೆ 256 ಮಂದಿ. ಆದ್ರ ಯಾರು ನಿಮ್ಮ ನಂಬರ್ ತಮ್ಮ ಫೋನಿನ್ಯಾಗ ಉಳಿಸಿಕೊಂಡಾರೋ ಅವರಿಗಷ್ಟೇ ಮುಟ್ತದ. ಅದಕ್ಕ ಪಾರ್ಸೆಲ್‌ನ್ಯಾಗ ಒಂದು ಸಣ್ಣ ಚೀಟಿ ಇಡ್ರಿ, ನಂಬರ್ ಬರ್ದು "ಉಳಿಸಿಕೊಳ್ರಿ, ಹೊಸ ಕೌದಿ ಬಂದಾಗ ತಿಳಿಸ್ತೀವಿ" ಅಂತ. ಕೇಳದವರನ್ನ ಗುಂಪಿಗೆ ಸೇರಿಸಬ್ಯಾಡ್ರಿ. ನಾಲ್ಕು ಮಂದಿ ರಿಪೋರ್ಟ್ ಹೊಡದ್ರ ನಂಬರೇ ಬಂದ್ ಆಗೋ ಭಯ ಇರ್ತದ.

ಚೌಬಾರಾ_ಬೀದರ್

ನಮ್ಮ ಬೀದರ್‌ಗೆ ಹೈದರಾಬಾದ್ ಸಮೀಪ. ಅಲ್ಲಿಂದ ಬರೋ ಗಿರಾಕಿ ಕನ್ನಡ ಓದಂಗಿಲ್ಲ. ನಾ ಹೆಂಗ ಬರೀಬೇಕು? ಮೂರು ಭಾಷಾದಾಗ ಬರಿಯೋದು ಆಗವಲ್ದು.

ಆಳಂದ_ಹುಡುಗ

ವಿಡಿಯೋದಾಗ ಮನ್ಯಾಗ ಮಾತಾಡೋ ದಖನಿ ಉರ್ದುದಾಗೇ ಮಾತಾಡ್ರಿ ಅಣ್ಣಾ, ಹೈದರಾಬಾದಿನವರಿಗೆ ಅದು ತಮ್ಮ ಮನಿ ಮಾತು. ಕೆಳಗ ಕನ್ನಡದಾಗ ಎರಡು ಸಾಲು, ಬೆಲಿ ಮತ್ತ ಅಳತಿ ಇಂಗ್ಲಿಷ್‌ದಾಗ. ಹ್ಯಾಶ್‌ಟ್ಯಾಗ್‌ಗೆ "ಹ್ಯಾಂಡ್‌ಮೇಡ್" ಅಂತ ಬರೀ ದೊಡ್ಡ ಶಬ್ದ ಹಾಕಿದ್ರ ಲಕ್ಷಗಟ್ಟಲೆ ಪೋಸ್ಟ್‌ನ್ಯಾಗ ಕಳದು ಹೋಗ್ತದ. ಬಿದ್ರಿ, ಬೀದರ್, ತಾರ್‌ಕಶಿ ಇಂಥವು ಹಾಕ್ರಿ. ಹುಡುಕೋರು ಕಮ್ಮಿ, ಆದ್ರ ಹುಡುಕಿದವರು ಕೊಳ್ಳೋರು.

ಪಿಂಟರೆಸ್ಟ್ ಅಂತ ಇನ್ನೊಂದು ಅದ, ನಮ್ಮ ಕಡಿ ಯಾರೂ ತಲಿ ಕೆಡಿಸಿಕೊಳ್ಳಂಗಿಲ್ಲ. ಮನಿ ಸಿಂಗಾರ, ಮದಿವಿ ಉಡುಗೊರಿ ಹುಡುಕೋರು ಅಲ್ಲಿ ಇರ್ತಾರ. ಇನ್‌ಸ್ಟಾಗ್ರಾಂ ಪೋಸ್ಟ್ ನಾಲ್ಕು ದಿನಕ್ಕ ಕೆಳಗ ಹೋಗ್ತದ, ಪಿಂಟರೆಸ್ಟ್‌ದು ತಿಂಗಳುಗಟ್ಟಲೆ ಹುಡುಕಾಟದಾಗ ಬರ್ತಿರ್ತದ. ಬಿಸಿನೆಸ್ ಖಾತೆ ಪುಕ್ಕಟೆ.

ಹುಮನಾಬಾದ್_ಲೆಕ್ಕ

ಸರ್ಕಾರದ ಕಡಿಯದ್ದೂ ಸೇರಿಸ್ತೀನಿ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ ಕೊಡೋ ಪಹಚಾನ್ ಗುರುತಿನ ಚೀಟಿ ಮಾಡಿಸಿಕೊಳ್ರಿ. ಜವಳಿ ಸಚಿವಾಲಯ 2023ರಾಗ ಶುರು ಮಾಡಿದ ಇಂಡಿಯಾ ಹ್ಯಾಂಡ್‌ಮೇಡ್ ಜಾಲತಾಣದಾಗ ಕುಶಲಕರ್ಮಿಗಳು ಕಮಿಷನ್ ಇಲ್ದೆ ಮಾರಬಹುದು. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡೋ ಉದ್ಯಮ್ ನೋಂದಣಿಗೂ ಶುಲ್ಕ ಇಲ್ಲ, ಆಧಾರ್, ಪ್ಯಾನ್ ಇದ್ರ ನೀವೇ ಮಾಡಬಹುದು. ಅದಕ್ಕ ಸಾವಿರಾರು ರೂಪಾಯಿ ಕೇಳೋ ಏಜೆಂಟರ ಹಂತ್ಯಾಕ ಹೋಗಬ್ಯಾಡ್ರಿ.

ಚೌಬಾರಾ ಅಣ್ಣಾ, ಬಿದ್ರಿಗೆ ಭೌಗೋಳಿಕ ಗುರುತು (ಜಿಐ, ಇದು ಇಂಥ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕದ ಅಂತ ಎಲ್ಲರೂ ತಮ್ಮ ಪೋಸ್ಟ್‌ನ್ಯಾಗ ಆ ಲಾಂಛನ ಹಚ್ತಾರ. ಅದನ್ನ ಬಳಸಬೇಕಂದ್ರ ಅಧಿಕೃತ ಬಳಕೆದಾರ ಅಂತ ನಿಮ್ಮ ಹೆಸರೂ ನೋಂದಣಿ ಆಗಿರಬೇಕು. ಆಗಿದ್ರ ಧೈರ್ಯದಿಂದ ತೋರಿಸ್ರಿ, ನಕಲಿಯವರಿಗೂ ನಿಮಗೂ ಅದೇ ಫರಕು.

ಚೌಬಾರಾ_ಬೀದರ್

ತಿಳೀತು ಸರ್. 2023ರಾಗ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಸಾಹೇಬ್ರಿಗೆ ಪದ್ಮಶ್ರೀ ಬಂದಾಗ ಆ ದಿನಗಳಾಗ ಬಿದ್ರಿ ಅಂದ್ರೇನು ಅಂತ ದೇಶದ ಮಂದಿ ಹುಡುಕಿದ್ರು. ಅಂಥ ಹೊತ್ತಿನ್ಯಾಗ ನಮ್ಮ ಫೋಟೋ, ವಿಡಿಯೋ ಮೊದಲ ಅಲ್ಲಿ ಇದ್ದಿದ್ರ ಎಷ್ಟು ಮಂದಿ ಕಾರೀಗರರಿಗೆ ಲಾಭ ಆಗ್ತಿತ್ತು ಅಂತ ಈಗ ಅನಸ್ತದ. ಬೆಲಿ ಮಾತಿಗೂ ಒಪ್ಪಿದೆ. ಸಣ್ಣ ಸಾಮಾನಿಗೆ ತಾರೀಖು ಹಾಕಿ ಬೆಲಿ ಬರೀತೀನಿ. ದೊಡ್ಡ ಹೂಜಿ, ಸುರಾಯಿಗೆ "ಇಷ್ಟರಿಂದ ಶುರು" ಅಂತ ಬರೀತೀನಿ.

ಬೆಂಗಳೂರಿನ_ಕಲಬುರಗಿಯವಳು

ತುಂಬಾ ಸಂತೋಷ ಅಣ್ಣಾ. ಇನ್ನೊಂದು: ಕೊಂಡವರ ಹತ್ತಿರ ಗೂಗಲ್‌ನಲ್ಲಿ ಅಭಿಪ್ರಾಯ ಬರೆಯೋಕೆ ಕೇಳಿ. ನಾವು ಕೇಳಿದರೆ ಬರೀತೀವಿ, ಕೇಳದಿದ್ದರೆ ಮರೀತೀವಿ. ಅದಕ್ಕೆ ರಿಯಾಯಿತಿ ಕೊಡ್ತೀನಿ ಅನ್ನಬೇಡಿ, ಗೂಗಲ್ ನಿಯಮಕ್ಕೆ ಅದು ವಿರುದ್ಧ. ಬರೆದವರಿಗೆ ನಿಮ್ಮ ಭಾಷೆಯಲ್ಲೇ ಒಂದು ಸಾಲು ಉತ್ತರ ಕೊಡಿ.

ಸುರಪುರ_ತಾಂಡಾ

ಮೋಸದ ಬಗ್ಗೆ ಯಾರೂ ಹೇಳ್ಲಿಲ್ಲ, ನಾ ಹೇಳ್ತೀನಿ. ಪೇಜ್ ಶುರು ಮಾಡಿದ ಕೂಡ್ಲೇ ಎರಡು ತರದ ಮಂದಿ ಬರ್ತಾರ. ಒಬ್ಬ "ನಾ ಮಿಲಿಟರಿಯಾಗ ಅದೀನಿ, ಐವತ್ತು ಚೀಲ ಬೇಕು, ಕ್ಯೂಆರ್ ಕಳಿಸೀನಿ, ಸ್ಕ್ಯಾನ್ ಮಾಡಿದ್ರ ರೊಕ್ಕ ಬರ್ತದ" ಅಂತಾನ. ರೊಕ್ಕ ಬರ್ಲಿಕ್ಕೆ ಸ್ಕ್ಯಾನ್ ಬೇಕಾಗಿಲ್ಲ, ಪಿನ್ ಒತ್ತೋದೂ ಬೇಕಾಗಿಲ್ಲ. ಪಿನ್ ಕೇಳ್ತು ಅಂದ್ರ ನಿಮ್ಮ ಖಾತೆಯಿಂದ ಹೋಗ್ಲಕತ್ಯದ ಅಂತಲೇ ತಿಳ್ಕೊಳ್ರಿ. ನಮ್ಮ ತಾಂಡಾದ ಒಬ್ಬಾಕಿ ಹತ್ರಾನೂ ಹಿಂಗೇ ಕೇಳಿದ್ರು, ಆಕಿ ಫೋನ್ ನನ್ನ ಹಂತ್ಯಾಕ ತಂದಿದ್ದಕ್ಕ ಉಳೀತು. ಇನ್ನೊಬ್ಬ "ನಮ್ಮ ಪೇಜಿನ್ಯಾಗ ಹಾಕ್ತೀವಿ, ಮುಂಗಡ ಕಳಿಸ್ರಿ" ಅಂತಾನ. ಬ್ಯಾಡ. ರೊಕ್ಕ ಹೋಗೇ ಬಿಟ್ಟದ ಅಂದ್ರ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ರಿ.

ಕೌದಿಮನಿ_ಕಲಬುರಗಿ

ಮಿಲಿಟರಿ ಅಂತ ಹೇಳಿ ನಮ್ಮ ಗುಂಪಿನ ಒಬ್ಬಾಕಿಗೂ ಮೆಸೇಜ್ ಬಂದದ. ಇವತ್ತೇ ಎಲ್ಲರಿಗೂ ಹೇಳ್ತೀನಿ. ಹೊರ ರಾಜ್ಯಕ್ಕ ಕಳಿಸಿದ್ರ ಜಿಎಸ್‌ಟಿ ಬೇಕು ಅಂತ ಒಬ್ಬರು ಹೆದರಿಸ್ಯಾರ. ಖರೆ ಏನು?

ಹುಮನಾಬಾದ್_ಲೆಕ್ಕ

ಹೆದರಬ್ಯಾಡ್ರಿ ಅಕ್ಕಾ. ಸರ್ಕಾರ ಹೆಸರಿಸಿದ ಕರಕುಶಲ ಸರಕಿನ ಪಟ್ಟಿ ಅದ. ಆ ಪಟ್ಟಿಯಾಗಿನ ಸಾಮಾನು, ವರ್ಷದ ವಹಿವಾಟು 20 ಲಕ್ಷದೊಳಗಿದ್ರ, ನೋಂದಣಿ ಇಲ್ದೇ ಹೊರ ರಾಜ್ಯಕ್ಕ ಕಳಿಸಬಹುದು. ಪ್ಯಾನ್ ಬೇಕು, ಇ-ವೇ ಬಿಲ್ (ಸಾಮಾನು ಸಾಗಿಸ್ಲಿಕ್ಕೆ ಆನ್‌ಲೈನ್‌ನ್ಯಾಗ ಮಾಡೋ ಚೀಟಿ) ಮಾಡಬೇಕು. ದೊಡ್ಡ ಜಾಲತಾಣದ ಮೂಲಕ ಮಾರೋದಿದ್ರ ಬ್ಯಾರೆ ನಿಯಮ: 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ನೋಂದಣಿ ಇಲ್ದೇ, ಜಿಎಸ್‌ಟಿ ಜಾಲತಾಣದಾಗ ಸಿಗೋ ಎನ್‌ರೋಲ್‌ಮೆಂಟ್ ನಂಬರ್ ಒಂದರ ಮ್ಯಾಲ ಮಾರಬಹುದು, ಆದ್ರ ರಾಜ್ಯದೊಳಗ ಮಾತ್ರ. ನಿಮ್ಮ ಕೌದಿ ಪಟ್ಟಿಯ ಯಾವ ಹೆಸರಿನ್ಯಾಗ ಬರ್ತದ ಅನ್ನೋದನ್ನ ಒಬ್ಬ ತೆರಿಗೆ ಸಲಹೆಗಾರರಿಗೆ ತೋರಿಸಿ ಬರ್ದು ಇಟ್ಟುಕೊಳ್ರಿ.

ಬೆಂಗಳೂರಿನ_ಕಲಬುರಗಿಯವಳು

ಅಕ್ಕಾ, ನನ್ನ ತಂಗಿಗೆ ಮುಂದಿನ ತಿಂಗಳು ಹೆರಿಗೆ. ತೊಟ್ಟಿಲ ಕೌದಿ ಒಂದು ಬೇಕು. ಹಳೆ ಹತ್ತಿ ಸೀರೆಯದ್ದೇ ಆಗಬೇಕು, ಹೊಸ ಬಟ್ಟೆ ಬೇಡ. ಇಲ್ಲೇ ಹೇಳಿ.

ಕೌದಿಮನಿ_ಕಲಬುರಗಿ

ಹೇಳ್ತೀನಿ ತಂಗಿ. ತೊಟ್ಟಿಲ ಕೌದಿ 3 ಅಡಿ ಉದ್ದ, ಎರಡೂವರಿ ಅಡಿ ಅಗಲ. ನಾಲ್ಕು ಪದರ, ಎಲ್ಲಾ ಉಟ್ಟು ಮೆತ್ತಗಾದ ಹತ್ತಿ ಸೀರಿ, ಎರಡು ಸಲ ಬಿಸಿನೀರಿನ್ಯಾಗ ಒಗದು ಬಿಸಿಲಿಗೆ ಒಣಗಿಸಿದ್ದು. ಗುಂಡಿ, ಕನ್ನಡಿ, ಜರಿ ಹಚ್ಚಂಗಿಲ್ಲ, ಕೂಸಿಗೆ ಚುಚ್ತದ. ಬೆಲಿ 850 ರೂಪಾಯಿ, ಅಂಚೆ ಖರ್ಚು ಬ್ಯಾರೆ. ಹೊಲಿಲಿಕ್ಕೆ ಹತ್ತು ದಿನ ಬೇಕು. ತಣ್ಣೀರಿನ್ಯಾಗ ಕೈಲೇ ಒಗೀಬೇಕು, ಹಿಂಡಬಾರ್ದು. ನಿಮ್ಮ ತಾಯಿದೋ ಅಜ್ಜಿದೋ ಹಳೆ ಸೀರಿ ಇದ್ರ ಕಳಿಸ್ರಿ, ಅದನ್ನೇ ಮ್ಯಾಲಿನ ಪದರ ಮಾಡ್ತೀವಿ, ಆಗ 100 ರೂಪಾಯಿ ಕಮ್ಮಿ.